ಕೆಂಪು ಕಾರಿಗೆ ತಂಪು ಗಾಳಿ

ನಮ್ಮ ಕಚೇರಿಯ ಕೆಂಪು ಕಾರಿಗೆ ಉಸಿರಾಟದ ತೊಂದರೆ ಇರುವುದು, ನಿರ್ದೇಶಕರ ಭಾಮೈದ ಕಾರಿನ ಬಿಡಿಭಾಗಗಳ ಅಂಗಡಿ ತೆರೆದ ಮಾರನೆಯ ದಿನ ಅಧಿಕೃತವಾಗಿ ಪತ್ತೆಯಾಯಿತು. ಅದಕ್ಕೂ ಮೊದಲು ಕಾರು ಚೆನ್ನಾಗಿಯೇ ಓಡುತ್ತಿತ್ತು. ಆದರೆ ಚೆನ್ನಾಗಿ ಓಡುವುದು ಆರೋಗ್ಯದ ಲಕ್ಷಣವೆಂದು ಯಾವ ನಿಯಮದಲ್ಲೂ ಹೇಳಿಲ್ಲ.

ನಮ್ಮದು ಜಪ್ತಿ ಮಾಡಿದ ವಸ್ತುಗಳನ್ನು ಕಾಪಾಡುವ ಕಚೇರಿ. ಸುಂಕ ಕಟ್ಟದೆ ತರಿಸಿದ ಪಿಯಾನೋ, ಗಾಜಿನ ಬೀರು, ಬೆನ್ನೊತ್ತುವ ಕುರ್ಚಿ ಇತ್ಯಾದಿಗಳು ಮೊದಲು ನಮ್ಮ ಗೋದಾಮಿಗೆ ಬಂದು, ಕ್ರಮೇಣ ಅಧಿಕಾರಿಗಳ ಮನೆಗಳಲ್ಲಿ ಕಾಪಾಡಲ್ಪಡುತ್ತವೆ. ಕೆಂಪು ಕಾರೂ ಹಾಗೇ ಬಂದದ್ದು. ಎಂಟು ಸಿಲಿಂಡರಿನ, ಉದ್ದ ಮೂತಿಯ, ಪೈಲ್ವಾನನಂತೆ ಭುಜ ಉಬ್ಬಿಸಿ ನಿಂತ ಹೊಸ ಮಾದರಿಯ ಮಸಲ್ ಕಾರು. ಅದನ್ನು ಕಣ್ಣಳತೆಯಲ್ಲೇ ಇಟ್ಟುಕೊಳ್ಳಬೇಕೆಂದು ನಿರ್ದೇಶಕರು ದಿನವೂ ಅದರಲ್ಲೇ ಓಡಾಡುತ್ತಿದ್ದರು.

ಭಾಮೈದ ಬಾನೆಟ್ ಎತ್ತಿ, ಒಳಗೆ ಇಣುಕಿ, ಲೊಚಗುಟ್ಟಿದ. ಕಂಪನಿಯವರು ಕೊಟ್ಟ ಗಾಳಿಯ ಕೊಳವೆ ಇಕ್ಕಟ್ಟಾಗಿದೆ, ಎಂಜಿನ್ನು ತನ್ನ ಬಿಸಿಯನ್ನೇ ತಾನು ಮೂಸುತ್ತ ಕೂತಿದೆ, ಇದನ್ನು ಕಿತ್ತು ಹೊರಗಿನ ತಂಪು ಗಾಳಿ ಎಳೆಯುವ ಅಗಲದ ಕೊಳವೆ ಹಾಕಿದರೆ ಶಕ್ತಿ ಹೆಚ್ಚುತ್ತದೆ, ಗರ್ಜನೆಯೂ ಹೆಚ್ಚುತ್ತದೆ ಎಂದ. ಶಕ್ತಿ ಎಂದಾಗ ನಿರ್ದೇಶಕರು ಗಡಿಯಾರ ನೋಡಿಕೊಂಡರು. ಗರ್ಜನೆ ಎಂದಾಗ ಕಣ್ಣರಳಿಸಿದರು. ಅಂದು ಸಂಜೆಯೇ ತಂಪು ಗಾಳಿ ಕೊಳವೆ ಆಯ್ಕೆ ಸಮಿತಿ ರಚನೆಯಾಯಿತು. ನಿರ್ದೇಶಕರು ಅಧ್ಯಕ್ಷರು, ಲೆಕ್ಕಾಧಿಕಾರಿ ಮೇಡಂ ಸದಸ್ಯೆ, ನಾನು ಕಾರ್ಯದರ್ಶಿ. ಇಷ್ಟು ಶಿಸ್ತಿನ ಸಮಿತಿಯನ್ನು ನನ್ನ ಸೇವಾವಧಿಯಲ್ಲೇ ಕಂಡಿಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ.

ಈ ಸಮಿತಿಯ ಮೇಲೆ ನಮ್ಮೆಲ್ಲರಿಗಿಂತ ಹೆಚ್ಚು ಆಸೆ ಇಟ್ಟುಕೊಂಡವನು ಚಾಲಕ. ಮದುವೆಯಾದಾಗಿನಿಂದ ಅವನ ಹೆಂಡತಿ ತವರಿಗೆ ಬಸ್ಸಿನಲ್ಲೇ ಹೋಗಿ ಬರುವವಳು. ಅಕ್ಕತಂಗಿಯರು ಗಂಡಂದಿರ ಕಾರಿನಲ್ಲಿ ಬಂದಿಳಿಯುತ್ತಾರೆ. ಕಾರೋಡಿಸುವವನ ಹೆಂಡತಿ ಮಾತ್ರ ಬಸ್ಸಿನಲ್ಲಿ ಬರುತ್ತಾಳೆಂದು ಅಲ್ಲಿ ಕಿಸಿಕಿಸಿ ನಗು. ಅವಳಿಗೆ ಒಮ್ಮೆ, ಒಂದೇ ಒಂದು ಸಲ, ಅಮ್ಮನ ಕಣ್ಣೆದುರಿಗೆ ಕಾರಿನಲ್ಲಿ ಹೋಗಬೇಕಿತ್ತು. ಚಾಲಕ ಕೈಕಟ್ಟಿ ನಿಂತು ಕೇಳಿದಾಗ ನಿರ್ದೇಶಕರು ದೊಡ್ಡ ಮನಸ್ಸು ಮಾಡಿದರು. ಕೊಳವೆ ಅಳವಡಿಸಿದ ನಂತರ ಒಂದು ದಿನ ಚಾಲಕನು ತನ್ನ ಪತ್ನಿಯನ್ನು ಸದರಿ ಕಾರಿನಲ್ಲಿ ತವರಿಗೆ ಕರೆದೊಯ್ದು ವಾಪಸು ಕರೆತರತಕ್ಕದ್ದು, ಅದನ್ನು ಪರೀಕ್ಷಾರ್ಥ ಸಂಚಾರವೆಂದು ಭಾವಿಸತಕ್ಕದ್ದು ಎಂದು ಆದೇಶವೇ ಹೊರಟಿತು. ಅಂದೇ ಅವಳು ತನ್ನ ಒಳ್ಳೆಯ ಬಟ್ಟೆಯನ್ನು ಇಸ್ತ್ರಿ ಮಾಡಿ ಬ್ಯಾಗಿನಲ್ಲಿಟ್ಟಳು. ಸಭೆ ಮುಂದಕ್ಕೆ ಹೋದಾಗಲೆಲ್ಲ ಬಟ್ಟೆ ಮುದುಡೀತೆಂದು ಹೊರತೆಗೆದು, ಮತ್ತೆ ಇಸ್ತ್ರಿ ಮಾಡಿ ಇಡುತ್ತಿದ್ದಳು.

ನಿಯಮದಂತೆ ಮೂರು ಅಂಗಡಿಗಳಿಂದ ಮಾದರಿ ತರಿಸಬೇಕು. ಭಾಮೈದ ತನ್ನ ಅಂಗಡಿಗೆ ಮೂರು ಬಾಗಿಲಿಟ್ಟು ಮೂರು ಫಲಕ ತೂಗುಹಾಕಿ ಸಿದ್ಧನಾಗಿದ್ದ. ಪೈಪೋಟಿ ಎಷ್ಟು ಜೋರಿತ್ತೆಂದರೆ, ಮೊದಲ ಬಾಗಿಲಲ್ಲಿ ನಿಂತು ಅವನು ಎರಡನೆಯ ಬಾಗಿಲಿನವನನ್ನು ಬಾಯಿಗೆ ಬಂದಂತೆ ಬೈದ. ಸಮಿತಿಗೆ ತೃಪ್ತಿಯಾಯಿತು.

ಮೊದಲ ಮಾದರಿ ಕನ್ನಡಿಯಂತೆ ಹೊಳೆಯುವ ಕೊಳವೆ, ತುದಿಯಲ್ಲಿ ಮುಚ್ಚಳವಿಲ್ಲದ ಫಿಲ್ಟರು. ಸದ್ದು ಭರ್ಜರಿ, ಆದರೆ ಬಾನೆಟ್ಟಿನೊಳಗಿನ ಬಿಸಿಯನ್ನೇ ಎಳೆಯುತ್ತದೆ. ಎರಡನೆಯದಕ್ಕೆ ಬಿಸಿ ತಾಗದಂತೆ ಡಬ್ಬ ಉಂಟು, ಆದ್ದರಿಂದ ಸದ್ದು ಕಡಿಮೆ. ಮೂರನೆಯದು ಬಂಪರಿನ ಕೆಳಗೆ ಮೂತಿ ಚಾಚಿ ಒಳ್ಳೆಯ ತಂಪು ಗಾಳಿ ಎಳೆಯುತ್ತದೆ. ರಸ್ತೆಯಲ್ಲಿ ನೀರು ನಿಂತಿದ್ದರೆ ಅದನ್ನೂ ಎಳೆದು ಎಂಜಿನ್ನನ್ನು ಮುಳುಗಿಸುತ್ತದೆ. ಮೊದಲನೆಯದರ ಸದ್ದಿನ ಪರೀಕ್ಷೆ ಪೋರ್ಟಿಕೋದಲ್ಲಿ ನಡೆಯಿತು. ದಾಖಲೆ ವಿಭಾಗದವರು ಕೆಲಸದ ವೇಳೆಯಲ್ಲಿ ತಮಗೆ ಎಚ್ಚರವಾಯಿತೆಂದು ಲಿಖಿತ ದೂರು ಕೊಟ್ಟರು. ನಿರ್ದೇಶಕರು ಅದನ್ನು ಮೆಚ್ಚುಗೆಯ ಪತ್ರವೆಂದು ದಾಖಲಿಸಲು ಹೇಳಿದರು. ತೊಳೆದು ಎಣ್ಣೆ ಸವರಿ ಮತ್ತೆ ಬಳಸುವ ಹತ್ತಿಯ ಫಿಲ್ಟರು ಬೇಕೋ, ಎಣ್ಣೆ ಬೇಡದ ಒಣ ಫಿಲ್ಟರು ಬೇಕೋ ಎಂಬ ಚರ್ಚೆಯೂ ಆಯಿತು. ಎಣ್ಣೆ ಸವರುವ ಹುದ್ದೆ ನಮ್ಮಲ್ಲಿ ಮಂಜೂರಾಗಿಲ್ಲದ ಕಾರಣ ಒಣ ಫಿಲ್ಟರು ಆಯ್ಕೆಯಾಯಿತು. ಕೊನೆಗೆ ಮೊದಲನೆಯದರ ಕೊಳವೆ, ಎರಡನೆಯದರ ಡಬ್ಬ ಎಂದು ತೀರ್ಮಾನಿಸಿ, ಮೂರನೆಯ ಬಾಗಿಲಿನವನಿಗೆ ಬೇಸರವಾಗದಿರಲಿ ಎಂದು ಸಾಗಣೆಯ ಕೆಲಸವನ್ನು ಅವನಿಗೇ ಕೊಟ್ಟೆವು.

ಇನ್ನೇನು ಸಹಿ ಬೀಳಬೇಕು, ಲೆಕ್ಕಾಧಿಕಾರಿ ಮೇಡಂ ಕನ್ನಡಕ ಏರಿಸಿದರು.

"ತಂಪು ಗಾಳಿ ಅಂತ ಬರ್ದಿದೀರಿ. ಯಾವ ತಂಪು ಗಾಳಿ?"

"ಹೊರಗಡೇದು ಮೇಡಂ," ಎಂದ ಭಾಮೈದ.

"ಹೊರಗಡೆ ಇರೋದು ತಂಪು ಗಾಳಿ ಅಲ್ಲ. ನಮ್ಮ ಕಚೇರೀಲಿ ತಂಪು ಗಾಳಿ ಇರೋದು ಒಂದೇ ಕಡೆ."

ಮೇಡಂ ಹೇಳಿದ್ದು ಅಕ್ಷರಶಃ ಸರಿ. ಹಿಂದೊಂದು ಬೇಸಿಗೆಯಲ್ಲಿ ಸಿಬ್ಬಂದಿಯೆಲ್ಲ ಸಹಿಯ ನೆಪ ಹೇಳಿ ನಿರ್ದೇಶಕರ ಕೊಠಡಿಯ ಬಾಗಿಲಲ್ಲಿ ಸಾಲುಗಟ್ಟಿ ನಿಂತು ಮೈ ತಣ್ಣಗೆ ಮಾಡಿಕೊಳ್ಳುತ್ತಿದ್ದರು. ಆಗ ಹೊರಟ ಸುತ್ತೋಲೆ ಇಂದಿಗೂ ಜಾರಿಯಲ್ಲಿದೆ: 'ಈ ಕಚೇರಿಯ ಮಟ್ಟಿಗೆ ತಂಪು ಗಾಳಿ ಎಂದರೆ ನಿರ್ದೇಶಕರ ಕೊಠಡಿಯ ಏಸಿಯಿಂದ ಹೊರಬರುವ ಗಾಳಿ. ಉಳಿದ ಗಾಳಿಯು ಎಷ್ಟೇ ತಣ್ಣಗಿದ್ದರೂ ಅದನ್ನು ಸಾಮಾನ್ಯ ಗಾಳಿಯೆಂದೇ ಪರಿಗಣಿಸತಕ್ಕದ್ದು.' ತಂಪು ಗಾಳಿಯ ಕೊಳವೆ ಕೊಂಡು ಸಾಮಾನ್ಯ ಗಾಳಿ ಕುಡಿಸಿದರೆ ನಾಳೆ ಲೆಕ್ಕ ತಪಾಸಣೆಯವರು ಸುಮ್ಮನಿರುತ್ತಾರೆಯೇ? ನಿರ್ದೇಶಕರ ಹಣೆ ಬೆವರಿತು, ಏಸಿಯ ಕೆಳಗೇ ಕೂತಿದ್ದರೂ.

ಪರಿಹಾರ ನಾನೇ ಸೂಚಿಸಿದೆ. ಕೊಳವೆಯನ್ನು ಉದ್ದ ಮಾಡಿ, ನಿರ್ದೇಶಕರ ಕೊಠಡಿಯ ಕಿಟಕಿಯೊಳಕ್ಕೆ ತೂರಿಸಿ, ಏಸಿಯ ಬಾಯಿಗೆ ಜೋಡಿಸುವುದು. ಭಾಮೈದನ ಕಣ್ಣು ತೇವವಾಯಿತು. ಅಷ್ಟುದ್ದದ ಕೊಳವೆಯನ್ನು ಅವನ ಮೂರು ಅಂಗಡಿಗಳಲ್ಲಿ ಯಾವುದರಿಂದಲೂ ಯಾರೂ ಕೊಂಡಿರಲಿಲ್ಲ.

ಕೊಳವೆ ಜೋಡಣೆಯಾಯಿತು. ಕಾರು ಗುಡುಗಿತು. ತಂಪೆಲ್ಲ ಎಂಜಿನ್ನಿಗೆ ಹೋಗಿ ನಿರ್ದೇಶಕರ ಕೊಠಡಿ ಕಾದ ಹಂಚಿನಂತಾದ್ದರಿಂದ ಅವರು ಮೊಹರು, ಕಡತ, ನೀರಿನ ಬಾಟಲಿ ಸಮೇತ ಕಾರಿನ ಹಿಂದಿನ ಸೀಟಿಗೆ ಬಂದು ಕೂತರು. ಕಾರಿನ ಸ್ವಂತ ಏಸಿ ಚೆನ್ನಾಗಿತ್ತು. ಭೇಟಿಗೆ ಬಂದವರು ಗಾಜು ತಟ್ಟಿ ಒಳಗೆ ಬರುತ್ತಿದ್ದರು. ಕೊಳವೆ ಗೋಡೆಗೆ ಸೇರಿಕೊಂಡಿದ್ದರಿಂದ ಕಾರು ಕದಲುವಂತಿರಲಿಲ್ಲ. ನಿರ್ದೇಶಕರು ಸಂಜೆ ಟ್ಯಾಕ್ಸಿ ಹಿಡಿದು ಮನೆಗೆ ಹೋಗುತ್ತಿದ್ದರು. ಇದರಿಂದ ಕಾರಿನ ಸವೆತ ಪೂರ್ತಿ ನಿಂತಿದೆಯೆಂದು ಮೇಲಿನ ಕಚೇರಿಯಿಂದ ಪ್ರಶಂಸೆಯೂ ಬಂತು.

ಒಂದು ಬೆಳಗ್ಗೆ ಚಾಲಕ ಗಾಜು ತಟ್ಟಿದ.

"ಸಾರ್, ಒಂದಿನದ ಮಟ್ಟಿಗೆ ಕೊಳವೆ ಬಿಚ್ಚಿದ್ರೆ, ಅವಳನ್ನ ಕರ್ಕೊಂಡು ಹೋಗಿ ಬಂದ್ಬಿಡ್ತೀನಿ."

"ಕೊಳವೆ ಹಾಕಿದ ಮೇಲೆ ಹೋಗು ಅಂತ ತಾನೇ ಆದೇಶ ಇರೋದು? ಬಿಚ್ಚಿದ್ರೆ ಹಾಕಿದ ಹಾಗೆ ಹೇಗಾಗುತ್ತಯ್ಯಾ?" ಎಂದರು ನಿರ್ದೇಶಕರು, ಸಿಟ್ಟಿಲ್ಲದೆ.

ಚಾಲಕ ಸೀದಾ ನನ್ನ ಬಳಿ ಬಂದ. ಅವನು ಹೆಂಡತಿಗೆ ಏನು ಹೇಳಲೆಂದು ನನ್ನನ್ನೇ ಕೇಳಿದ. ಕಾರು ಬರುತ್ತದೆಂದು ಅವಳಮ್ಮ ಬೀದಿಯವರಿಗೆಲ್ಲ ಸಾರಿಯಾಗಿತ್ತು. ನಾನೂ ಹೆಣ್ಣು ಹೆತ್ತವನು. ತುರ್ತು ಸಭೆ ಕರೆಸಿದೆ. ಸಮಿತಿ ಒಕ್ಕೊರಲಿನಿಂದ ಒಪ್ಪಿದ ತಿದ್ದುಪಡಿ ಹೀಗಿದೆ: 'ಕಾರು ತವರಿಗೆ ಹೋಗುವುದು ನಿಯಮಬಾಹಿರವಾದ ಕಾರಣ, ಸದರಿ ದಿನದ ಮಟ್ಟಿಗೆ ಕಚೇರಿಯ ಪೋರ್ಟಿಕೋವನ್ನು ತವರುಮನೆಯೆಂದು ಭಾವಿಸತಕ್ಕದ್ದು. ತಾಯಿಯು ಸ್ವಂತ ಖರ್ಚಿನಲ್ಲಿ ಹಾಜರಿರತಕ್ಕದ್ದು.'

ಆ ದಿನ ತಾಯಿ ಬಸ್ಸಿಳಿದು ಬಂದು ಪೋರ್ಟಿಕೋದ ಮೆಟ್ಟಿಲ ಮೇಲೆ ನಿಂತರು. ಚಾಲಕನ ಹೆಂಡತಿ ಒಳ್ಳೆಯ ಬಟ್ಟೆ ಉಟ್ಟು, ಮುಂದಿನ ಸೀಟಿನಲ್ಲಿ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ನಿರ್ದೇಶಕರು ಹಿಂದಿನ ಸೀಟಿನಲ್ಲಿ ಸಹಿ ಹಾಕುತ್ತಿದ್ದರು. ಚಾಲಕ ಎಂಜಿನ್ ಗರ್ಜಿಸುವಂತೆ ಮಾಡಿದ, ಗೇರು ಹಾಕದೆ ಸ್ಟೇರಿಂಗ್ ತಿರುಗಿಸಿದ, ತಿರುವಿನಲ್ಲಿ ಹಾರ್ನ್ ಹೊಡೆದ. ಎದುರಿಗೆ ಕಾಂಪೌಂಡ್ ಗೋಡೆ ಇತ್ತು.

"ಸ್ವಲ್ಪ ನಿಧಾನಕ್ಕೆ ಹೋಗ್ರೀ," ಎಂದಳು ಅವಳು. "ಅಮ್ಮನಿಗೆ ಸರಿಯಾಗಿ ಕಾಣ್ಲಿ."

ಅವನು ನಿಧಾನ ಮಾಡಿದ. ಬಾಗಿಲು ತೆಗೆದು ಅವಳು ಇಳಿದಾಗ ತಾಯಿ ಕೆನ್ನೆ ಸವರಿ, ದಾರಿ ಚೆನ್ನಾಗಿತ್ತಾ ಎಂದು ಕೇಳಿದರು. ಚೆನ್ನಾಗಿತ್ತು, ಒಂಚೂರೂ ಕುಲುಕಲಿಲ್ಲ ಎಂದಳು. ಸಾಕ್ಷಿಯಾಗಿ ನಿಂತಿದ್ದ ನಾವೆಲ್ಲ ತಲೆದೂಗಿದೆವು.

ಅವಳು ಬ್ಯಾಗು ಹೆಗಲಿಗೇರಿಸಿ ಗೇಟಿನತ್ತ ಹೊರಟಾಗ ಲೆಕ್ಕಾಧಿಕಾರಿ ಮೇಡಂ ತಡೆದರು. ಹೋದದ್ದಕ್ಕೆ ಸಾಕ್ಷಿ ಇದೆ, ವಾಪಸು ಬಂದದ್ದಕ್ಕೆ ಇಲ್ಲ; ಆದೇಶದಲ್ಲಿ ಎರಡೂ ಇದೆ. ಅವಳು ಮತ್ತೆ ಹತ್ತಿ ಕೂತಳು. ಕಾರು ಗುಡುಗಿತು. ಗಾಜಿಳಿಸಿ ಅಮ್ಮನಿಗೆ ಕೈ ಬೀಸುವಾಗ ಅವಳಿಗೆ ನಿಜವಾಗಿಯೂ ಅಳು ಬಂತು, ತವರು ಬಿಡುವಾಗ ಬರುವಂಥದ್ದೇ ಅಳು. ತಾಯಿಯೂ ಕಣ್ಣೊರೆಸಿಕೊಂಡು ಕೈ ಬೀಸಿದರು. ಇನ್ನು ಹೊರಡಿ, ಕೊನೆಯ ಬಸ್ಸು ತಪ್ಪೀತು ಎಂದು ನಾನು ಅವರಿಗೆ ಹೇಳಿದೆ. ಕಾರು ಕಣ್ಣಿಗೆ ಮರೆಯಾಗುವವರೆಗೂ ನಿಂತಿರುತ್ತೇನೆ ಎಂದರು.

ಅದೂ ನ್ಯಾಯವೇ. ನಾನು ಅವರಿಗೊಂದು ಕುರ್ಚಿ ಹಾಕಿಸಿದೆ.