ಬೇಟೆದೊರೆಗೆ ಕಾರಣ ಕೇಳಿ ನೋಟಿಸು

ಅಮೃತಹಳ್ಳಿಯ ಬೇಟೆದೊರೆ ಯಾವುದೇ ಪರವಾನಗಿ ಇಲ್ಲದೆ ಅನಾದಿ ಕಾಲದಿಂದ ಬೇಟೆಯಾಡುತ್ತಿರುವ ಸಂಗತಿ 2013ರ ಮಾಘ ಮಾಸದಲ್ಲಿ ಸರ್ಕಾರದ ಗಮನಕ್ಕೆ ಬಂದಿತು. ಅಲ್ಲಿಯವರೆಗೆ ಬಾರದೇ ಇದ್ದುದಕ್ಕೆ ಯಾರನ್ನೂ ಹೊಣೆ ಮಾಡುವಂತಿರಲಿಲ್ಲ. ಅಲ್ಲಿಯವರೆಗೆ ಯಾರೂ ದೂರು ಕೊಟ್ಟಿರಲಿಲ್ಲ.

ದೊರೆ ಇದ್ದದ್ದು ಕೆರೆಯ ಹಿಂದಿನ ಪೊದೆಗಾಡಿನಲ್ಲಿ. ಜಾಲಿ, ಹೊಂಗೆ, ಕಾರೆಮುಳ್ಳು, ಹೆಸರಿಲ್ಲದ ಬಳ್ಳಿಗಳು ಒಂದರ ಮೇಲೊಂದು ಬಿದ್ದು ಬೆಳೆದ ಆ ಜಾಗದಲ್ಲಿ ಗುಡಿ ಇರಲಿಲ್ಲ, ಒಂದು ಕಡ್ಡಿಯನ್ನೂ ಮುರಿಯುವಂತಿರಲಿಲ್ಲ. ಪೂಜಾರಿ ಅಶ್ವತ್ಥಪ್ಪ ಕಾಡಿನ ಅಂಚಿನಲ್ಲಿ ನಿಂತು ಒಂದು ಹಿಡಿ ರಾಗಿ ಎರಚಿ, ಬೆನ್ನು ತೋರಿಸದೆ ಹಿಂದಕ್ಕೆ ನಡೆದು ಬರುತ್ತಿದ್ದ. ಪೂಜೆಯೆಂದರೆ ಅಷ್ಟೇ. ವರ್ಷಕ್ಕೊಂದು ಸಲ, ಮಾಘದ ಅಮಾವಾಸ್ಯೆಯ ಸಂಜೆ, ದೊರೆ ಕಪ್ಪು ಕುದುರೆ ಹತ್ತಿ, ನಾಯಿಗಳ ಹಿಂಡು ಕಟ್ಟಿಕೊಂಡು ಹೊರಡುತ್ತಿದ್ದ. ಊರಿನವರು ಬಾಗಿಲು ಹಾಕಿಕೊಂಡು ಕೂರುತ್ತಿದ್ದರು. ಗೊರಸಿನ ಸದ್ದು ದೂರವಾದ ಮೇಲೆ ಬಾಗಿಲು ತೆಗೆದು ಮುದ್ದೆ ತೊಳಸುತ್ತಿದ್ದರು.

ಆ ವರ್ಷ ದೊರೆಯ ದಾರಿಯಲ್ಲಿ ಒಂದು ಅಪಾರ್ಟ್‌ಮೆಂಟ್ ಎದ್ದಿತ್ತು. ದೊರೆ ದಾರಿ ಬದಲಿಸಲಿಲ್ಲ, ಪಾರ್ಕಿಂಗ್ ಮೂಲಕವೇ ಹೋದ. ಯಾರಿಗೂ ಗಾಯವಾಗಲಿಲ್ಲ, ಒಂದು ಕಾರಿನ ಗಾಜೂ ಒಡೆಯಲಿಲ್ಲ. ಆದರೆ ಫ್ಲಾಟು ಫ್ಲಾಟಿನ ಲ್ಯಾಬ್ರಡಾರು, ಪಗ್ಗು, ಪಮೇರಿಯನ್ನುಗಳೆಲ್ಲ ಬೆಲ್ಟು ಕಿತ್ತುಕೊಂಡು ಹಿಂಡಿನ ಹಿಂದೆ ಓಡಿದವು. ಅವುಗಳ ಹಿಂದೆ, ಕಾಲಿಗೆ ಚಪ್ಪಲಿಯೂ ಇಲ್ಲದೆ, ನಿವಾಸಿಗಳ ಸಂಘದ ಕಾರ್ಯದರ್ಶಿ ಶಶಿರೇಖಾ ಅವರ ಗಂಡ ಆನಂದಪ್ಪನವರೂ ಓಡಿದರು. ಅವರು ನಿವೃತ್ತ ಬ್ಯಾಂಕ್ ಮ್ಯಾನೇಜರು. ಬೆಳಿಗ್ಗೆ ಎಲ್ಲರೂ ವಾಪಸು ಬಂದರು. ನಾಯಿಗಳು ಪ್ಯಾಕೆಟ್ಟಿನ ಊಟವನ್ನು ಮೂಸಿಯೂ ನೋಡಲಿಲ್ಲ.

ಶಶಿರೇಖಾ ಅವರ ದೂರು ಚಿಕ್ಕದಾಗಿತ್ತು: “ನಮ್ಮ ಯಜಮಾನರು ಮದುವೆಯಾದಾಗಿನಿಂದ ಮೊದಲ ಬಾರಿಗೆ ನಗುತ್ತಾ ಮನೆಗೆ ಬಂದಿರುತ್ತಾರೆ. ತಲೆಗೂದಲಲ್ಲಿ ಎಲೆಗಳಿದ್ದವು. ವಿಚಾರಿಸಲಾಗಿ ಕಾರಣ ತಿಳಿಸುತ್ತಿಲ್ಲ. ದಯಮಾಡಿ ಕ್ರಮ ಕೈಗೊಳ್ಳುವುದು.”

ಇಂಥ ದೂರುಗಳಿಗೆಂದೇ ನಗರ ನಿಸರ್ಗ ಶಿಸ್ತು ಕಚೇರಿ ಎಂಬುದೊಂದಿತ್ತು. ಅಲ್ಲಿನ ಅಧಿಕಾರಿ ರಘುನಾಥ್ ಅವರು ಕಾರಣ ಕೇಳಿ ನೋಟಿಸು ತಯಾರಿಸಿ ಪೊದೆಗಾಡಿನ ಮೊದಲ ಹೊಂಗೆಮರಕ್ಕೆ ಅಂಟಿಸಿದರು. ಅನುಮತಿ ಇಲ್ಲದೆ ಬೇಟೆ, ನೋಂದಣಿ ಇಲ್ಲದ ನಾಯಿಗಳು, ಸರ್ವಿಸ್ ರಸ್ತೆಯಲ್ಲಿ ಕುದುರೆ ಸವಾರಿ ಹಾಗೂ ನಾಗರಿಕರಲ್ಲಿ ಅಕಾರಣ ಸಂತೋಷ ಉಂಟುಮಾಡಿರುವುದು ಎಂಬ ಆಪಾದನೆಗಳಿದ್ದವು. ಅಶ್ವತ್ಥಪ್ಪ ಅದನ್ನು ಓದಿಕೊಂಡು, ಶರಟು ಹಾಕಿಕೊಂಡು ಕಚೇರಿಗೆ ಹೋದ.

“ಎದುರುದಾರರ ತಂದೆ ಹೆಸರು?” ಎಂದರು ರಘುನಾಥ್.

“ದೇವ್ರಿಗೆ ತಂದೆ ಎಲ್ಲಿ ಸಾರ್? ಉದ್ಭವ ಅದು.”

ರಘುನಾಥ್ ತಂದೆಯ ಹೆಸರಿನ ಮುಂದೆ ‘ಉದ್ಭವಪ್ಪ’ ಎಂದು ಬರೆದುಕೊಂಡರು. “ಖುದ್ದು ಹಾಜರಾಗಬೇಕು ಕಣ್ರೀ. ಪ್ರತಿನಿಧಿ ಆಗಲ್ಲ.”

“ಸಾರ್, ಅವ್ನು ಎದುರಿಗೆ ಬಂದ್ರೆ ಮನುಷ್ಯ ಮನುಷ್ಯನಾಗಿ ಉಳಿಯಲ್ಲ ಅಂತ ನಮ್ಮ ತಾತ ಹೇಳ್ತಿದ್ರು.”

“ಸೋಮವಾರ ಹನ್ನೊಂದಕ್ಕೆ. ಊಟಕ್ಕೆ ಮುಂಚೆ.”

ಅಶ್ವತ್ಥಪ್ಪ ಕಾಡಂಚಿನಲ್ಲಿ ನಿಂತು ವಿಷಯ ಒಪ್ಪಿಸಿದ. ಒಳಗೆ ಏನೋ ದೊಡ್ಡದು ಉಸಿರೆಳೆದುಕೊಂಡಿತು.

ಸೋಮವಾರ ಬೇಟೆದೊರೆ ಬಂದ. ಬಾಗಿಲಿಗಿಂತ ಎತ್ತರವಿದ್ದುದರಿಂದ ಬಗ್ಗಿ ಬಂದ. ಜಿಂಕೆಯ ತೊಗಲು ಉಟ್ಟಿದ್ದ, ಜಡೆಯಲ್ಲಿ ಹುಲ್ಲು ಬೆಳೆದಿತ್ತು, ಮೊದಲ ಮಳೆಯ ಮಣ್ಣಿನ ವಾಸನೆ ಇಡೀ ಮಹಡಿಗೆ ಹಬ್ಬಿತು. ಟೈಪಿಸ್ಟು ಕೈ ನಿಲ್ಲಿಸಿ ಕಿಟಕಿಯ ಕಡೆ ನೋಡುತ್ತಾ ಕುಳಿತುಬಿಟ್ಟಳು. ದೊರೆ ಅಂಗೈ ಊರಿದ ಕೂಡಲೇ ರಘುನಾಥ್ ಅವರ ತೇಗದ ಮೇಜು ನಾಲ್ಕು ಕಡೆಯಿಂದ ಚಿಗುರತೊಡಗಿತು. ಸರ್ಕಾರಿ ಪೀಠೋಪಕರಣವನ್ನು ಚಿಗುರಿಸಿದ್ದು ಎಂದು ರಘುನಾಥ್ ಆಪಾದನೆಗಳ ಕೆಳಗೆ ಇನ್ನೊಂದನ್ನು ಸೇರಿಸಿದರು.

“ಏನು ಬೇಕು ನಿಮಗೆ?” ಎಂದ ದೊರೆ. ದನಿಗೆ ಕಪಾಟಿನ ಬಾಗಿಲುಗಳು ಅಲುಗಿದವು.

“ಸ್ವಾಮಿ, ನಿಮ್ಮನ್ನ ಓಡಿಸ್ಬೇಕು ಅಂತ ಇಲಾಖೆಗೇನೂ ಇಲ್ಲ,” ಎಂದರು ರಘುನಾಥ್ ವಿನಯದಿಂದ. “ಆ ಜಾಗ ಕಾಂಪ್ಲೆಕ್ಸಿಗೆ ಕೇಳ್ತಿದಾರೆ. ಉಳಿಸ್ಕೋಬೇಕು ಅಂದ್ರೆ ಒಂದೇ ದಾರಿ. ನಿಯಂತ್ರಿತ ವನ್ಯತೆ ಯೋಜನೆ. ಇಲ್ಲೊಂದು ಹೆಬ್ಬೆಟ್ಟು ಒತ್ತಿಬಿಡಿ.”

ಯೋಜನೆಯ ಗುತ್ತಿಗೆಯನ್ನು ಪಾರದರ್ಶಕ ವಿಧಾನದಲ್ಲಿ ರಘುನಾಥ್ ಅವರ ಭಾವಮೈದುನನಿಗೆ ಆಗಲೇ ಕೊಡಲಾಗಿತ್ತು.

ದೊರೆ ಅಶ್ವತ್ಥಪ್ಪನ ಕಡೆ ತಿರುಗಿದ. ಆ ಕಣ್ಣು ತನ್ನ ಮೇಲೆ ಬೀಳುವುದು ಅಶ್ವತ್ಥಪ್ಪನ ಜೀವಮಾನದಲ್ಲೇ ಮೊದಲು. ತೋಳನ ಕಣ್ಣಿನ ಹಾಗಿತ್ತು. ಆದರೂ ಅದರಲ್ಲಿ ಕೋಪವಿರಲಿಲ್ಲ.

“ನೀನು ಹೇಳು,” ಎಂದ ದೊರೆ.

ಅಶ್ವತ್ಥಪ್ಪನಿಗೆ ಬೇಡ ಸ್ವಾಮಿ, ಮೇಜು ಮುರಿದು ಎದ್ದುಹೋಗು ಎನ್ನಬೇಕೆನಿಸಿತು. ಆದರೆ ಕಾಂಪ್ಲೆಕ್ಸು ಬಂದರೆ ಒಂದು ಹಿಡಿ ರಾಗಿ ಎರಚಲೂ ಜಾಗವಿರುವುದಿಲ್ಲ. ಅಲ್ಲದೆ ರಘುನಾಥ್ ಅವರು ಬೆಳಿಗ್ಗೆಯೇ ಅವನ ಕೊರಳಿಗೆ ‘ವನ್ಯತಾ ಸಂಯೋಜಕರು’ ಎಂಬ ಗುರುತಿನ ಚೀಟಿ ಹಾಕಿದ್ದರು. ಅವನ ಫೋಟೋ ಚೆನ್ನಾಗಿ ಬಂದಿತ್ತು.

“ಒತ್ತಿಬಿಡಿ ಸ್ವಾಮಿ,” ಎಂದ.

ದೊರೆ ಒತ್ತಿದ. ಮನೆಗೆ ಹೋಗಿ ಅಶ್ವತ್ಥಪ್ಪ ಹೆಂಡತಿ ಗೌರಮ್ಮನಿಗೆ ಚೀಟಿ ತೋರಿಸಿದ. ಗೌರಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

“ಹಟ್ಟಿನಾಯಿಗೆ ಬಿಲ್ಲೆ ಕಟ್ತಾರಲ್ಲ, ಇಂಗೇ ಇರ್ತದೆ,” ಎಂದಳು.

“ಕಾಡು ಉಳೀತಲ್ಲೇ.”

“ಕಾಡು ಉಳೀತು. ಅವ್ನು?”

ಅಶ್ವತ್ಥಪ್ಪ ಕೈಕಾಲು ತೊಳೆಯಲು ಎದ್ದು ಹೋದ.

ಕಾಡನ್ನು ಉಳಿಸುವ ಸಲುವಾಗಿ ಮೊದಲು ಪೊದೆಗಳನ್ನು ತೆಗೆಯಲಾಯಿತು. ಆಮೇಲೆ ಟೈಲ್ಸ್ ಹಾಕಿ, ಜಾಗಿಂಗ್ ಟ್ರ್ಯಾಕ್ ಮಾಡಿ, ನೈಜ ವಾತಾವರಣಕ್ಕಾಗಿ ಫೈಬರಿನ ಹುಲಿಯೊಂದನ್ನು ನಿಲ್ಲಿಸಿ ಅದರ ಬಾಯಿಯಲ್ಲಿ ಕಸದ ಬುಟ್ಟಿ ಇಡಲಾಯಿತು. ಗೇಟಿನ ಪಕ್ಕ ಸೂಚನಾ ಫಲಕ ಬಂತು:

“ಬೇಟೆಯ ಸಮಯ: ಭಾನುವಾರ ಬೆಳಿಗ್ಗೆ 7ರಿಂದ 8. ಬೇಟೆಯ ಪ್ರಾಣಿ: ಇಲಾಖೆ ಒದಗಿಸುವ ರಬ್ಬರ್ ಮೊಲ ಮಾತ್ರ. ದೇವರ ನಾಯಿಗಳಿಗೆ ಬಾಯಿಕುಕ್ಕೆ ಕಡ್ಡಾಯ. ದೇವರು ಟ್ರ್ಯಾಕಿನ ಎಡಬದಿಯಲ್ಲೇ ಚಲಿಸತಕ್ಕದ್ದು. ಭಯಪಡಲು ಇಚ್ಛಿಸುವವರು ಮುಂಚಿತವಾಗಿ ಕೌಂಟರಿನಲ್ಲಿ ವಿಚಾರಿಸುವುದು.”

ಭಾನುವಾರ ಬೇಟೆದೊರೆ ಕುದುರೆಯ ಮೇಲೆ ನಿಧಾನವಾಗಿ ಸುತ್ತು ಬರುತ್ತಿದ್ದ. ಅಶ್ವತ್ಥಪ್ಪ ಮುಂದೆ ದಾರದಿಂದ ರಬ್ಬರ್ ಮೊಲ ಎಳೆಯುತ್ತಾ, ಸೀಟಿ ಊದುತ್ತಾ ಓಡುತ್ತಿದ್ದ. ಜನ ಬೆನ್ನು ತಿರುಗಿಸಿ ದೊರೆಯೊಂದಿಗೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ನಾಯಿಗಳಿಗೆ ಬೊಜ್ಜು ಬಂತು. ದೊರೆಯ ಜಡೆಯ ಹುಲ್ಲು ಒಣಗಿ ಉದುರತೊಡಗಿತು. ಅದನ್ನು ಟೈಲ್ಸ್ ಮೇಲಿನಿಂದ ಗುಡಿಸುವಾಗ ಅಶ್ವತ್ಥಪ್ಪ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದ. ಆದರೂ ಗುಡಿಸುತ್ತಿದ್ದ, ಸೋಮವಾರ ತಪಾಸಣೆ ಇರುತ್ತಿತ್ತು. ಆನಂದಪ್ಪನವರು ಮಾತ್ರ ಪ್ರತಿ ವಾರ ಬೇಲಿಯಾಚೆ ಬರಿಗಾಲಲ್ಲಿ ನಿಂತು ದೊರೆಯ ಮುಖ ನೋಡಿ ಹೋಗುತ್ತಿದ್ದರು.

ಮತ್ತೆ ಮಾಘದ ಅಮಾವಾಸ್ಯೆ ಬಂತು. ಅದು ಭಾನುವಾರವಲ್ಲದ್ದರಿಂದ ಬೇಟೆ ಇರುವುದಿಲ್ಲವೆಂದು ಕಚೇರಿ ಪ್ರಕಟಣೆ ಹೊರಡಿಸಿತ್ತು. ಸಂಜೆ ಅಶ್ವತ್ಥಪ್ಪ ಟೀವಿ ಮುಂದೆ ಕುಳಿತಿದ್ದಾಗ ಗೊರಸಿನ ಸದ್ದು ಕೇಳಿತು. ಟ್ರ್ಯಾಕಿನ ಮೇಲಿನ ಮೆಲುನಡಿಗೆಯಲ್ಲ, ಹಳೆಯ ಸದ್ದು, ನೆಲ ಗುದ್ದುವ ಸದ್ದು.

“ಗೌರಿ, ಬಾಗ್ಲಾಕು!”

ಗೌರಮ್ಮ ಬಾಗಿಲ ಹತ್ತಿರವೇ ಇದ್ದಳು. ಸೆರಗನ್ನು ಸೊಂಟಕ್ಕೆ ಬಿಗಿದಿದ್ದಳು.

“ಬರ್ತೀರಾ?” ಎಂದು ಕೇಳಿದಳು.

“ಎಲ್ಲಿಗೆ?”

“ಗೊತ್ತಿಲ್ಲ.”

ಅಶ್ವತ್ಥಪ್ಪನ ಕೈ ತಾನಾಗಿ ಕೊರಳಿನ ಚೀಟಿಯನ್ನು ಹಿಡಿದುಕೊಂಡಿತು. “ಸೋಮವಾರ ತಪಾಸಣೆ ಐತೆ ಕಣೇ,” ಎಂದ. ಗೌರಮ್ಮ ತಲೆಯಾಡಿಸಿದಳು, ಹೊಸಿಲು ದಾಟಿ ಓಡಿದಳು. ಅವಳು ಅಷ್ಟು ಜೋರಾಗಿ ಓಡಬಲ್ಲಳೆಂದು ಅವನಿಗೆ ಗೊತ್ತಿರಲಿಲ್ಲ. ಬೀದಿಯ ತಿರುವಿನಲ್ಲಿ ಅವಳ ನಗು ಕೇಳಿತು. ಆಮೇಲೆ ಅದೂ ಇಲ್ಲ.

ಬೆಳಿಗ್ಗೆ ದೊರೆಯಿರಲಿಲ್ಲ, ಕುದುರೆಯಿರಲಿಲ್ಲ, ನಾಯಿಗಳಿರಲಿಲ್ಲ. ಬಾಯಿಕುಕ್ಕೆಗಳು ಗೇಟಿನ ಹತ್ತಿರ ರಾಶಿ ಬಿದ್ದಿದ್ದವು. ಅಪಾರ್ಟ್‌ಮೆಂಟಿನ ನಾಯಿಗಳೂ ಆನಂದಪ್ಪನವರೂ ಈ ಸಲ ವಾಪಸು ಬರಲಿಲ್ಲ. ಅಶ್ವತ್ಥಪ್ಪ ಕಚೇರಿಗೆ ಓಡಿ ಹೋಗಿ, “ಸಾರ್, ನನ್ನ ಹೆಂಡ್ತಿ…” ಎಂದು ಅಳತೊಡಗಿದ.

ರಘುನಾಥ್ ನೀರು ಕೊಟ್ಟು ಸಮಾಧಾನ ಮಾಡಿದರು. “ನೋಡ್ರೀ, ಇಲಾಖೆಯಲ್ಲಿ ನೋಂದಾಯಿತ ದೇವರ ಜೊತೆ ಹೋಗಿದಾರೆ. ಹಾಗಾಗಿ ಇದು ಅಧಿಕೃತ ಪ್ರವಾಸ ಆಗುತ್ತೆ. ಕಾಣೆಯಾಗಿದಾರೆ ಅನ್ನೋಕೆ ಬರಲ್ಲ. ಈಗಿರೋ ಸಮಸ್ಯೆ ಬೇರೆ. ಭಾನುವಾರ ಬೇಟೆ ನಡೀದಿದ್ರೆ ಯೋಜನೆ ರದ್ದಾಗುತ್ತೆ, ಆಮೇಲೆ ಕಾಂಪ್ಲೆಕ್ಸೇ ಗತಿ. ಮುಂದಿನ ಆದೇಶದವರೆಗೆ ದೇವರ ಪ್ರಭಾರ ನೀವೇ ವಹಿಸ್ಕೊಳ್ಳಿ.”

“ನಾನು ಪೂಜಾರಿ ಸಾರ್.”

“ಅದಕ್ಕೇ. ಹೊರಗಿನವರನ್ನ ತಂದ್ರೆ ನಿಯಮಬಾಹಿರ.”

ಅಶ್ವತ್ಥಪ್ಪ ಕಣ್ಣೊರೆಸಿಕೊಂಡು, ಕುದುರೆ ಹತ್ತಲು ಸ್ಟೂಲು ಬೇಕಾಗುತ್ತದೆ ಎಂದ. ಸ್ಟೂಲು ಮಂಜೂರಾಯಿತು.

ಮುಂದಿನ ಭಾನುವಾರ ಮದುವೆ ಮೆರವಣಿಗೆಯ ಬಿಳಿ ಕುದುರೆ ಬಂತು. ಅದಕ್ಕೆ ಕಪ್ಪು ಬಣ್ಣ ಬಳಿಯಲಾಯಿತು. ಅಶ್ವತ್ಥಪ್ಪ ಸಿಂಥೆಟಿಕ್ ಜಿಂಕೆ ತೊಗಲು ಉಟ್ಟು, ಕೃತಕ ಜಡೆಗೆ ಪ್ಲಾಸ್ಟಿಕ್ ಹುಲ್ಲು ಸಿಕ್ಕಿಸಿಕೊಂಡು ಎಡಬದಿಯಲ್ಲೇ ಸುತ್ತು ಬಂದ. ಜನ ಕೈಮುಗಿದರು. ದೇವರು ಈಗ ಮೊದಲಿಗಿಂತ ಸೌಮ್ಯವಾಗಿದ್ದಾನೆ, ಫೋಟೋಗೆ ಮುಖ ಕೊಡುತ್ತಾನೆ ಎಂದು ಸಂತೋಷಪಟ್ಟರು. ಮೊದಮೊದಲು ಅವನಿಗೆ ನಾಚಿಕೆಯಾಗುತ್ತಿತ್ತು. ಯುಗಾದಿಯ ಹೊತ್ತಿಗೆ ಆರತಿ ತಟ್ಟೆ ಹತ್ತಿರ ಬಂದಾಗ ಗದ್ದ ತಾನಾಗಿ ಮೇಲೇಳತೊಡಗಿತು.

ಒಂದು ಭಾನುವಾರ ಶಶಿರೇಖಾ ಅವರು ಮಲ್ಲಿಗೆ ಹಾರ ಹಿಡಿದು ಬಂದು ಕುದುರೆಯ ಮುಂದೆ ನಿಂತರು.

“ಸ್ವಾಮಿ, ನಮ್ಮ ಯಜಮಾನರು ಎಲ್ಲಿದ್ದಾರೆ? ನಿಮಗೆ ಗೊತ್ತಿಲ್ಲದ್ದು ಯಾವುದಿದೆ? ಚೆನ್ನಾಗಿದಾರಾ?”

ಅಶ್ವತ್ಥಪ್ಪನಿಗೆ ಬೀದಿಯ ತಿರುವಿನಲ್ಲಿ ಕೇಳಿದ ಆ ನಗು ನೆನಪಾಯಿತು. ಸುತ್ತ ಜನ ಮೊಬೈಲು ಹಿಡಿದು ಕಾಯುತ್ತಿದ್ದರು, ಗೇಟಿನ ಹತ್ತಿರ ರಘುನಾಥ್ ಗಡಿಯಾರ ನೋಡಿಕೊಳ್ಳುತ್ತಿದ್ದರು.

“ಚೆನ್ನಾಗಿದಾರೆ ತಾಯಿ,” ಎಂದ ಬೇಟೆದೊರೆ, ಹಾರಕ್ಕೆ ಕೊರಳು ಬಗ್ಗಿಸುತ್ತಾ. “ಟ್ರ್ಯಾಕ್ ಬಿಡಿ, ಎಂಟು ಗಂಟೆ ಆಗ್ತಾ ಬಂತು.”