ಗುಡಿಸುವ ಯಂತ್ರಕ್ಕೆ ದಿಕ್ಕು ತಪ್ಪಿದ್ದು

ತಪ್ಪು ಹುಡುಕುವುದು ಕೆಲವರಿಗೆ ಸ್ವಭಾವ; ನನಗೆ ಅದು ಉದ್ಯೋಗ. ರಾಜಾಜಿನಗರದ ಕೈಗಾರಿಕಾ ಬಡಾವಣೆಯ ಒಂದು ಸಣ್ಣ ಕಾರ್ಖಾನೆಯಲ್ಲಿ, ತಯಾರಾಗಿ ಬಂದ ಬಿಡಿಭಾಗಗಳನ್ನು ಅಳೆದು ನೋಡಿ, ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಪಕ್ಕಕ್ಕೆ ಎತ್ತಿಡುವುದು ನನ್ನ ಕೆಲಸ. ಇಂಥ ಕೆಲಸ ಮಾಡುವವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಮದುವೆಮನೆಯಲ್ಲಿ ಎಲೆಗೆ ಬಿದ್ದ ಹೋಳಿಗೆ ದುಂಡಗಿದೆಯೇ ಎಂದು ನೋಡಿಯೇ ಕೈಯಿಡುವುದು. ಪಕ್ಕದ ಮನೆಯವರು ಗೇಟಿಗೆ ಬಣ್ಣ ಹೊಡೆಸಿದರೆ ಎಲ್ಲಿ ಬಿಟ್ಟುಹೋಗಿದೆ ಎಂಬುದೇ ಮೊದಲು ಕಣ್ಣಿಗೆ ಬೀಳುವುದು. "ಇವರು ದೇವಸ್ಥಾನಕ್ಕೆ ಹೋದ್ರೂ ಗೋಪುರ ಸ್ವಲ್ಪ ಎಡಕ್ಕೆ ವಾಲಿದೆ ಅಂತಾರೆ" ಎಂದು ನನ್ನ ಹೆಂಡತಿ ಸುಧಾ ನೆಂಟರ ಮುಂದೆ ಹೇಳುವುದುಂಟು. ನಿಜವಾಗಿಯೂ ವಾಲಿತ್ತು. ಆದರೆ ಅದು ಬೇರೆ ವಿಷಯ.

ಬಸವೇಶ್ವರನಗರದ ನಮ್ಮ ಮನೆಗೆ, ತಾನೇ ಓಡಾಡಿಕೊಂಡು ಕಸ ಗುಡಿಸುವ ರೋಬೋ ಬಂದದ್ದು ಶೋಕಿಗಲ್ಲ, ಸುಧಾಳ ಬೆನ್ನಿಗಾಗಿ. ಬೆನ್ನುಮೂಳೆಯ ಡಿಸ್ಕ್ ಜಾರಿ ಅವಳು ತಿಂಗಳುಗಟ್ಟಲೆ ನರಳಿದ್ದಳು. "ಬಗ್ಗೋ ಹಾಗೇ ಇಲ್ಲ ಅಮ್ಮ, ಇನ್ನೊಂದ್ಸಲ ಜಾರಿದ್ರೆ ಆಪರೇಷನ್ನೇ" ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟರು. ಮನೆಗೆಲಸಕ್ಕೆ ಬರುತ್ತಿದ್ದ ರತ್ನಮ್ಮ ಮಗಳ ಬಾಣಂತನಕ್ಕೆಂದು ಊರಿಗೆ ಹೋದವರು ತಿರುಗಿ ಬರಲಿಲ್ಲ. ಹೀಗಾಗಿ ದೋಸೆ ಹೆಂಚಿನಷ್ಟು ಅಗಲದ, ತಲೆಯ ಮೇಲೊಂದು ಪುಟ್ಟ ಗುಬುಟಿರುವ ಈ ಪ್ರಾಣಿ ಮನೆ ಸೇರಿತು. ಅದು ಮೊದಲ ದಿನವೇ ಮನೆಯೆಲ್ಲ ಸುತ್ತಿ, ಗೋಡೆ, ಬಾಗಿಲು, ಮಂಚದ ಕಾಲುಗಳನ್ನೆಲ್ಲ ಗುರುತು ಮಾಡಿಕೊಂಡು, ಮೊಬೈಲಿನಲ್ಲಿ ಒಂದು ನಕ್ಷೆ ಬರೆದು ತೋರಿಸಿತು. ಆಮೇಲೆ ಪಾಪ, ಒಂದು ದಿನವೂ ರಜೆ ಕೇಳದೆ ಗುಡಿಸುತ್ತಿತ್ತು.

ಅದಕ್ಕೆ ಬುದ್ಧಿ ಕೆಟ್ಟದ್ದು ದಸರಾ ಮುಗಿದ ಮೇಲೆ. ಬೆಳಿಗ್ಗೆ ಚಾಲೂ ಮಾಡಿದರೆ ನಿಂತಲ್ಲೇ ಗಿರಗಿರನೆ ತಿರುಗಿತು, ಹೋಗಿ ಫ್ರಿಜ್ಜಿಗೆ ಗುದ್ದಿತು, ಹಿಂದೆ ಬಂದು ಮತ್ತೆ ಅದೇ ಫ್ರಿಜ್ಜಿಗೆ ಗುದ್ದಿತು. ಕೊನೆಗೆ ನಡುಮನೆಯಲ್ಲಿ ನಿಂತು, ನ್ಯಾವಿಗೇಷನ್ ಸೆನ್ಸರ್ ಫಾಲ್ಟ್ ಎಂದು ಇಂಗ್ಲಿಷಿನಲ್ಲಿ ಘೋಷಿಸಿತು. ಅಂದರೆ ದಾರಿ ನೋಡುವ ಕಣ್ಣು ಕೈಕೊಟ್ಟಿದೆ ಎಂದರ್ಥ. ನನಗೆ ಒಳಗೊಳಗೇ ಖುಷಿಯಾಯಿತು ಎಂದರೆ ತಪ್ಪು ತಿಳಿಯಬೇಡಿ. ಮನೆಯೊಳಗೇ ನನ್ನ ವಿದ್ಯೆಗೆ ತಕ್ಕ ಕೆಲಸ ಸಿಕ್ಕಿತ್ತು. ಕೂಡಲೇ ತನಿಖೆ ಶುರು ಮಾಡಿದೆ. ಮೊದಲು ಸುಧಾಳ ತಲೆಗೂದಲ ಮೇಲೆ ಅನುಮಾನಪಟ್ಟೆ. ಆಮೇಲೆ ಅವಳು ಹಾಸಿದ್ದ ಕಾಲೊರಸಿನ ಮೇಲೆ, ಆಮೇಲೆ ಅವಳು ಒಣಗಿಸಿದ್ದ ಸೀರೆಯ ಸೆರಗಿನ ಮೇಲೆ. ಯಂತ್ರವನ್ನು ಅಂಗಾತ ಮಲಗಿಸಿ, ಹೊಟ್ಟೆಯ ಕೆಳಗಿನ ಸಣ್ಣ ಗಾಜುಗಳನ್ನೆಲ್ಲ ಒರೆಸಿದೆ. ಪ್ರಯೋಜನವಾಗಲಿಲ್ಲ.

ಕಂಪನಿಗೆ ಫೋನ್ ಮಾಡಿದೆ. ಆ ಕಡೆಯವನು ಹುಬ್ಬಳ್ಳಿ ಕಡೆಯ ಹುಡುಗನಿರಬೇಕು. "ಸರ್, ಎಲ್ಲಾ ಸೆನ್ಸರ್ ಒರೆಸೀರೇನ್ರಿ?" ಎಂದ. "ಒರೆಸಿದೀನಪ್ಪ. ನಾನು ಕ್ವಾಲಿಟಿ ಡಿಪಾರ್ಟ್‌ಮೆಂಟ್‌ನಲ್ಲೇ ಇರೋದು" ಎಂದೆ, ಕೊಂಚ ಗತ್ತಿನಿಂದಲೇ. "ಹಂಗಾದ್ರ ನಿಮಗ ನಾ ಏನ್ ಹೇಳೂದೈತಿ ಬಿಡ್ರಿ ಸರ್" ಎಂದವನೇ, ಮುಂದಿನ ಪ್ರಶ್ನೆಗಳನ್ನೆಲ್ಲ ಬಿಟ್ಟು, ರಿಪೇರಿಯವರು ಮುಂದಿನ ವಾರ ಬರುತ್ತಾರೆ ಎಂದು ಹೇಳಿ ಫೋನಿಟ್ಟ. ಅಲ್ಲಿಯವರೆಗೆ ನಾನೇ ಗುಡಿಸುತ್ತೇನೆ ಎಂದು ಸುಧಾಳಿಗೆ ಮಾತು ಕೊಟ್ಟೆ. ಕೊಟ್ಟ ಮಾತನ್ನು ಸಂಜೆಗೆ ಮುಂದೂಡಿದೆ, ಸಂಜೆಯಿಂದ ಭಾನುವಾರಕ್ಕೆ.

ಭಾನುವಾರ ಬೆಳಿಗ್ಗೆ ತರಕಾರಿ ತಂದು ಬಾಗಿಲು ತೆರೆದರೆ, ಸುಧಾ ಒಂದು ಕೈಯಲ್ಲಿ ಪೊರಕೆ ಹಿಡಿದು, ಇನ್ನೊಂದು ಕೈಯನ್ನು ಗೋಡೆಗೆ ಕೊಟ್ಟು, ಅರ್ಧ ಬಗ್ಗಿದವಳು ಹಾಗೇ ನಿಂತುಬಿಟ್ಟಿದ್ದಳು. ಮೇಲೇಳಲೂ ಆಗುತ್ತಿಲ್ಲ, ಕೂರಲೂ ಆಗುತ್ತಿಲ್ಲ. "ಗಾಬರಿ ಆಗ್ಬೇಡಿ, ಹಿಡ್ಕೊಂಡಿದೆ ಅಷ್ಟೆ" ಎಂದಳು, ಹಲ್ಲು ಕಚ್ಚಿಕೊಂಡು. ತರಕಾರಿ ಚೀಲವನ್ನು ಬಾಗಿಲಲ್ಲೇ ಬಿಟ್ಟು ಓಡಿದೆ. ಆಪರೇಷನ್ ಎಂಬ ಮಾತು ಬಿಟ್ಟು ತಲೆಗೆ ಬೇರೇನೂ ಹೊಳೆಯಲಿಲ್ಲ. ಮೆಲ್ಲಗೆ ಹಿಡಿದು ದಿವಾನದ ಮೇಲೆ ಮಲಗಿಸಿ, ಬಿಸಿನೀರಿನ ಚೀಲ ಕೊಟ್ಟು, "ಯಾರು ಹೇಳಿದ್ರೇ ನಿಂಗೆ ಗುಡಿಸು ಅಂತ?" ಎಂದು ರೇಗಿದೆ. "ಯಾರೂ ಹೇಳ್ಲಿಲ್ಲ ರೀ. ಕಸ ಇತ್ತು" ಎಂದಳು.

ನೋವು ಸ್ವಲ್ಪ ಇಳಿಯಿತು, ಕಾಲು ಆಡಿಸುತ್ತಿದ್ದಾಳೆ ಎಂದು ಖಾತ್ರಿಯಾದ ಮೇಲೆ ಯಂತ್ರದ ಮುಂದೆ ಕೂತೆ. ಕೂತದ್ದು ಸಾಲದೆನಿಸಿ ನೆಲಕ್ಕೆ ಕೆನ್ನೆಯಿಟ್ಟು ಮಲಗಿದೆ. ನೋಡಿದವರು ಸಾಷ್ಟಾಂಗ ನಮಸ್ಕಾರ ಎಂದುಕೊಳ್ಳಬೇಕು, ಹಾಗೆ. ಆಗ ಕಂಡಿತು. ತಲೆಯ ಮೇಲಿನ ಗುಬುಟಿನ ಸುತ್ತ ಒಂದು ಸಂದು. ಸಂದಿನ ತುಂಬ ಒಣಗಿ ಗಟ್ಟಿಯಾದ ಗಂಧ, ಅದರ ಮೇಲೆ ಕುಂಕುಮ, ನಡುವೆ ಸೇವಂತಿಗೆಯ ಒಂದು ಎಸಳು. ದಾರಿ ನೋಡುವ ಕಣ್ಣು ಇರುವುದೇ ಆ ಸಂದಿನೊಳಗೆ. ನಮ್ಮಲ್ಲಿ ಆಯುಧಪೂಜೆಯ ಹೊಣೆ ನನ್ನದು. ಸ್ಕೂಟರು, ಮಿಕ್ಸಿ, ಈಳಿಗೆಮಣೆ ಎಲ್ಲಕ್ಕೂ ನಾನೇ ಕುಂಕುಮ ಇಡುವುದು. "ಅದರ ತಲೆಗೆ ಬೇಡ ರೀ, ಪಕ್ಕದಲ್ಲಿ ಒಂದು ಬೊಟ್ಟಿಡಿ ಸಾಕು" ಎಂದು ಸುಧಾ ಅಂದೇ ಹೇಳಿದ್ದಳು. "ಹಣೆ ಬಿಟ್ಟು ಬೆನ್ನಿಗೆ ಯಾರಾದ್ರೂ ಕುಂಕುಮ ಇಡ್ತಾರೇನೇ?" ಎಂದು ನಾನು ಗುಬುಟಿನ ಸುತ್ತ ಭಕ್ತಿಯಿಂದ ಬಳಿದಿದ್ದೆ. ಬಳಿದವನು ನಾನೇ ಆದದ್ದರಿಂದ ಆ ಪೂಜೆ ನನ್ನ ತನಿಖೆಯ ವ್ಯಾಪ್ತಿಗೆ ಬಂದಿರಲಿಲ್ಲ.

ಹತ್ತಿ, ಹಲ್ಲುಜ್ಜುವ ಹಳೇ ಬ್ರಷ್ಷು ಹಿಡಿದು ಎಲ್ಲವನ್ನೂ ಕೆರೆದು ತೆಗೆದೆ. ಸುಧಾ ಮಲಗಿದಲ್ಲಿಂದಲೇ ನೋಡುತ್ತಿದ್ದಳು. ಬೈದಿದ್ದರೆ ವಾಸಿಯಿತ್ತು. ಮನೆಯ ಹಳೇ ನಕ್ಷೆ ಅಳಿಸಿ ಹೊಸದು ಬರೆಯಲಿ ಎಂದು ಯಂತ್ರವನ್ನು ಬಿಟ್ಟೆ. ಇನ್ನು ತಪ್ಪಾಗಬಾರದೆಂದು ನಡುಮನೆಗೆ ಒಂದು ಕುರ್ಚಿ ಎಳೆದುಕೊಂಡು, ಕದಲದೆ ಕೂತು, ಅದು ಹೋಗುವ ಬರುವ ದಾರಿಯನ್ನೇ ಗಮನಿಸಿದೆ. ಅದು ಫ್ರಿಜ್ಜಿಗೆ ಗುದ್ದಲಿಲ್ಲ, ದಿವಾನದ ಕೆಳಗೆ ನುಗ್ಗಿ ನೀಟಾಗಿ ಹೊರಗೆ ಬಂತು. ನನಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಮೊಬೈಲು ನೋಡುತ್ತಿದ್ದ ಸುಧಾ, "ರೀ, ನಮ್ಮನೆ ಹಾಲ್ ಮಧ್ಯೆ ಕಂಬ ಯಾವಾಗ ಬಂತು?" ಎಂದಳು. ಎದ್ದು ಹೋಗಿ ನೋಡಿದೆ. ಹೊಸ ನಕ್ಷೆಯಲ್ಲಿ ನಾನು ಕೂತಿದ್ದ ಜಾಗದಲ್ಲಿ ದಪ್ಪನೆಯ ಒಂದು ಕಪ್ಪು ಮಚ್ಚೆ. ಅಲ್ಲಾಡದೆ ಕೂತವನನ್ನು ಅದು ಕಟ್ಟಡದ ಭಾಗವೆಂದೇ ಬಗೆದಿತ್ತು.

"ಅಳಿಸ್ಬಿಡು, ಇನ್ನೊಂದ್ಸಲ ಬರೆಸೋಣ" ಎಂದೆ. "ಯಾಕೆ? ಈಗ ತಾನೆ ಅದಕ್ಕೆ ಕಣ್ಣು ಸರಿ ಹೋಗಿದೆ. ಕಂಡಿದ್ದನ್ನ ಬರೆದಿದೆ, ಇರ್ಲಿ ಬಿಡಿ" ಎಂದು ಸುಧಾ ಮೊಬೈಲನ್ನು ದಿಂಬಿನ ಕೆಳಗೆ ಇಟ್ಟುಕೊಂಡಳು. ಅವಳ ಬೆನ್ನು ಈಗ ಎಷ್ಟೋ ವಾಸಿ. ನಕ್ಷೆ ಮಾತ್ರ ಹಾಗೇ ಇದೆ. ಯಂತ್ರ ಮನೆಯೆಲ್ಲ ಗುಡಿಸಿ, ಆ ಜಾಗಕ್ಕೆ ಬಂದೊಡನೆ ಮರ್ಯಾದೆಯಿಂದ ಸುತ್ತಿ ಹೋಗುತ್ತದೆ. ಅಲ್ಲಿ ಉಳಿದ ಕಸವನ್ನು ದಿನಾ ಬೆಳಿಗ್ಗೆ ಕಂಬವೇ ಬಗ್ಗಿ ಗುಡಿಸುತ್ತದೆ.