ನಾನು ಪಾಠ ಹೇಳಿದ ಕ್ಯಾಮೆರಾ

ಏಳು ದಿನ! ಏಳೇ ದಿನಗಳಲ್ಲಿ ಕಳ್ಳನ ಕಿವಿ ಹಿಂಡಿ ನಿಮ್ಮೆಲ್ಲರ ಮುಂದೆ ತಂದು ನಿಲ್ಲಿಸದಿದ್ದರೆ ನಾನು ಈ ಕಟ್ಟಡದ ಕಾರ್ಯದರ್ಶಿಯೇ ಅಲ್ಲ! ನಿವಾಸಿಗಳ ಸಂಘದ ಭಾನುವಾರದ ಸಭೆಯಲ್ಲಿ ಹೀಗೆ ಘೋಷಿಸಿ ಮೇಜು ಗುದ್ದಿದೆ. ಮೇಜಿನ ಮೇಲಿದ್ದ ಟೀ ಅಧ್ಯಕ್ಷರ ಪ್ಯಾಂಟಿನ ಮೇಲೆ ಚೆಲ್ಲಿತು. ಪಾಪ, ಅವರು ಒರೆಸಿಕೊಳ್ಳುತ್ತಲೇ ಚಪ್ಪಾಳೆ ತಟ್ಟಿದರು.

ವಿಷಯ ಇಷ್ಟೇ. ಇಪ್ಪತ್ತನಾಲ್ಕು ಮನೆಗಳ ನಮ್ಮ ಕಟ್ಟಡದಲ್ಲಿ ಎರಡು ತಿಂಗಳಿಂದ ಪಾರ್ಸೆಲ್‌ಗಳು ಮಾಯವಾಗುತ್ತಿದ್ದವು. ಒಟ್ಟು ಏಳು. ಒಬ್ಬರ ಬೂಟು, ಇನ್ನೊಬ್ಬರ ಮಿಕ್ಸಿ ಜಾರು, ಅಧ್ಯಕ್ಷರ ಸೊಂಟನೋವಿನ ಬೆಲ್ಟು. "ತಲುಪಿಸಿದ್ದೇವೆ" ಎಂದು ಮೊಬೈಲಿಗೆ ಸಂದೇಶ ಬರುತ್ತಿತ್ತು, ಪೆಟ್ಟಿಗೆ ಮಾತ್ರ ಬರುತ್ತಿರಲಿಲ್ಲ. ಇದಕ್ಕೆ ನಾನು ಸೂಚಿಸಿದ ರಾಮಬಾಣವೇ ಕೃತಕ ಬುದ್ಧಿಮತ್ತೆಯ ಕ್ಯಾಮೆರಾ. ಗೇಟಿನ ಕಂಬದ ಮೇಲೆ ಕೂತು, ಬಂದುಹೋಗುವವರ ಮುಖ ನೋಡಿಯೇ ಕಳ್ಳರನ್ನು ಗುರುತಿಸಿ ಸೈರನ್ ಊದುವ ಮಹಾಜ್ಞಾನಿ!

ಸೋಮವಾರ ಕ್ಯಾಮೆರಾ ಕೂರಿಸಲು ಬಂದ ಫಿಟ್ಟರ್ ನನ್ನ ಕೈಗೆ ಒಂದು ಟ್ಯಾಬ್ ಕೊಟ್ಟ.

"ಸಾರ್, ಇದು ಈಗಷ್ಟೇ ಹುಟ್ಟಿದ ಮಗು. ಇದಕ್ಕೇನೂ ಗೊತ್ತಿಲ್ಲ. ಎರಡು ದಿನ ಬರೀ ಫೋಟೋ ತೆಗೆಯುತ್ತೆ. ಆಮೇಲೆ ಒಂದೊಂದೇ ಫೋಟೋ ತೋರಿಸುತ್ತೆ. ನಂಬಿಕಸ್ಥರಾದ್ರೆ ಹಸಿರು ಗುಂಡಿ, ಅನುಮಾನ ಇದ್ರೆ ಕೆಂಪು ಗುಂಡಿ ಒತ್ತಿ. ನೋಡಿಕೊಂಡು ತಾನೇ ಕಲಿಯುತ್ತೆ. ನಾಲ್ಕೈದು ಜನ ಸೇರಿ ಒತ್ತಿದ್ರೆ ಒಳ್ಳೇದು. ಮತ್ತೆ, ಫೋಟೋ ತೆಗೀತೀವಿ ಅಂತ ಎಲ್ರಿಗೂ ಮೊದಲೇ ಹೇಳಿ, ಒಪ್ಪಿಗೆ ತಗೊಳ್ಳಿ."

ಮೊದಲ ಸಲಹೆ ಈ ಕಿವಿಯಲ್ಲಿ ಹೊಕ್ಕು ಆ ಕಿವಿಯಲ್ಲಿ ಹೋಯಿತು. ಎರಡನೆಯದು ಹೊಗಲೇ ಇಲ್ಲ. ನಾಲ್ಕೈದು ಜನರಂತೆ! ಮೂವತ್ತು ವರ್ಷ ಮನುಷ್ಯರನ್ನು ಅಳೆದು ತೂಗಿದ ನಾನೊಬ್ಬ ಸಾಲದೇ?

ಬುಧವಾರ ಆಫೀಸಿಗೆ ರಜೆ ಹಾಕಿ, ಊಟದ ಮೇಜಿನ ಮೇಲೆ ಟ್ಯಾಬ್ ಇಟ್ಟುಕೊಂಡು ಕೂತೆ. ಪಕ್ಕದಲ್ಲಿ ಬಿಸ್ಕತ್ತಿನ ಡಬ್ಬಿ. ಆರುನೂರು ಫೋಟೋಗಳು! ನನ್ನ ಹೆಂಡತಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಡ್ಯೂಟಿಗೆ ಹೊರಟವಳು ಬಗ್ಗಿ ನೋಡಿದಳು.

"ಇವರನ್ನೆಲ್ಲ ಕೇಳಿ ತೆಗೆದ್ರಾ ಫೋಟೋನ?"

"ಮುಖ ತೆಗೆಯೋಕೆ ಕೇಳೋದೇನೇ? ಬೀದೀಲೆಲ್ಲ ತೋರಿಸ್ಕೊಂಡೇ ಓಡಾಡ್ತಾರಲ್ಲ!"

"ರೀ, ನಾವು ಒಂದು ಹನಿ ರಕ್ತ ತಗೊಳ್ಳೋಕೂ ಕೇಳ್ತೀವಿ. ಯಾಕೆ, ಏನು ಅಂತ ಹೇಳ್ತೀವಿ."

"ಅದು ರಕ್ತ ಕಣೇ, ಇದು ಬರೀ ಡೇಟಾ!"

ಅವಳು ನನ್ನನ್ನು ನೋಡಿದ ರೀತಿ ನೆನೆದರೆ ಈಗಲೂ ಮೈ ಮುದುಡುತ್ತದೆ. ಆದರೆ ಆಗ ನಾನು ಮಹಾಜ್ಞಾನಿಯ ಗುರು. ಗುರುವಿಗೆ ಸಂಕೋಚ ಎಲ್ಲಿಂದ ಬರಬೇಕು?

ನನ್ನ ಪಾಠದ ಕ್ರಮವನ್ನೂ ಕೇಳಿ. ದೊಡ್ಡ ಚೀಲ ಹಿಡಿದವರು ಕೆಂಪು. ಬೇಗ ಬೇಗ ನಡೆಯುವವರು ಕೆಂಪು, ಎಲ್ಲಿಗೆ ಓಡುತ್ತಿದ್ದಾರೋ! ನಿಧಾನ ನಡೆಯುವವರೂ ಕೆಂಪು, ಏನು ಹೊಂಚುತ್ತಿದ್ದಾರೋ! ಮೂರನೇ ಮಹಡಿಯ ಸಂಗೀತ ಮೇಷ್ಟ್ರು ನನ್ನ ಹಾಡು ಕೇಳಿ ಎದ್ದುಹೋದವರು, ಕೆಂಪು. ಮಾಸಿದ ಬಟ್ಟೆ ಕೆಂಪು, ತೀರಾ ಇಸ್ತ್ರಿ ಮಾಡಿದ ಬಟ್ಟೆ ಇನ್ನೂ ಕೆಂಪು. ನೂರೈವತ್ತರ ಹೊತ್ತಿಗೆ ಬಿಸ್ಕತ್ತು ಮುಗಿಯಿತು, ಇನ್ನೂರರ ಹೊತ್ತಿಗೆ ತಾಳ್ಮೆಯೂ ಮುಗಿಯಿತು. ಕೆಂಪು ಗುಂಡಿ ಹೆಬ್ಬೆರಳಿಗೆ ಹತ್ತಿರವಿತ್ತು. ಉಳಿದ ಪಾಠ ಹೇಗೆ ನಡೆಯಿತೆಂದು ನೀವೇ ಊಹಿಸಿಕೊಳ್ಳಿ.

ಗುರುವಾರ ಬೆಳಗ್ಗೆ ಶಿಷ್ಯ ಕೆಲಸಕ್ಕೆ ನಿಂತ. ಕೋತಿಗೆ ಹೆಂಡ ಕುಡಿಸಿದ ಹಾಗಾಯಿತು! ಹಾಲಿನವನು ಬಂದ, ಸೈರನ್. ಸಂಗೀತ ಮೇಷ್ಟ್ರು ಹೊರಟರು, ಸೈರನ್. ಮೇಷ್ಟ್ರು ಅದಕ್ಕೂ ಶ್ರುತಿ ಸರಿಯಿಲ್ಲ ಎಂದು ಬೈದು ಹೋದರಂತೆ. ನಮ್ಮ ಅತ್ತೆಯವರು ಮಗಳನ್ನು ನೋಡಲು ಬಂದರು. ಅವರಿಗಂತೂ ಶಿಷ್ಯ ಉಸಿರು ಬಿಡದೆ ಎರಡು ನಿಮಿಷ ಊದಿದ. ಆದರೆ ಎಲ್ಲರಿಗಿಂತ ಹೆಚ್ಚು ಸೈರನ್ ಊದಿಸಿಕೊಂಡವಳು ಮೆಟ್ಟಿಲಮ್ಮ. ಎಂಟು ವರ್ಷಗಳಿಂದ ನಮ್ಮ ಮೆಟ್ಟಿಲು ತೊಳೆಯುವ ಹೆಂಗಸು. ಆಕೆಗೆ ಅಪ್ಪ ಅಮ್ಮ ಇಟ್ಟ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಆಕೆ ಬಕೆಟ್ ಹಿಡಿದು ಗೇಟು ದಾಟಿದಾಗಲೆಲ್ಲ ಶಿಷ್ಯ ಊಳಿಟ್ಟ, ಶನಿವಾರದ ಹೊತ್ತಿಗೆ ಹತ್ತೊಂಬತ್ತು ಸಲ!

ಅಧ್ಯಕ್ಷರು ಸೈರನ್ ಊದಿದ ಪಟ್ಟಿ ನೋಡಿ ಸೊಂಟ ಹಿಡಿದುಕೊಂಡೇ ಎದ್ದು ನಿಂತರು. "ನೋಡಿದ್ರಾ! ಮನುಷ್ಯ ಆದ್ರೆ ಮುಖ ನೋಡಿ ಮಣೆ ಹಾಕ್ತಾನೆ. ಯಂತ್ರಕ್ಕೆ ಆ ಪಕ್ಷಪಾತ ಇಲ್ಲ. ತೆಗೀರಿ ಆಕೇನ!"

ತೆಗೆಯುವ ಪುಣ್ಯಕಾರ್ಯ ನನ್ನ ಪಾಲಿಗೇ ಬಂತು. ಆಕೆ ಕೊನೆಯ ಮೆಟ್ಟಿಲು ಒರೆಸುತ್ತಿದ್ದಳು.

"ನಾಳೆಯಿಂದ ಬರ್ಬೇಡಮ್ಮ. ಕ್ಯಾಮೆರಾ ಬೇಡ ಅಂದಿದೆ."

"ಅದಕ್ಕೆ ನಾನೇನ್ ಮಾಡ್ದೆ ಸಾರ್? ದಿನಾ ಅದರ ಕಂಬಾನೂ ಒರೆಸ್ತೀನಲ್ಲ!"

"ಕಾರಣ ಹೇಳೋ ಹಾಗಿಲ್ಲ. ಗೌಪ್ಯ."

"ಇದೊಂದೇ ಕೆಲಸ ಸಾರ್ ನಂಗಿರೋದು. ಮನೇಲಿ ಮೂರು ಹೊಟ್ಟೆ ಇದೆ. ಏನ್ ತಪ್ಪು ಅಂತಾದ್ರೂ ಹೇಳಿ, ಸಾಕ್ಷಿ ಏನಿದೆ?"

ಇಷ್ಟು ಜನರ ಮುಖ ಹೇಳದೆ ಕೇಳದೆ ಗಂಟು ಕಟ್ಟಿಕೊಂಡ ನನಗೆ ಆಗ ಮಾತ್ರ ಗೌಪ್ಯತೆ ನೆನಪಾಯಿತು ನೋಡಿ! ನಾಚಿಕೆಗೇಡಿ ನಾನು. ಆಕೆ ಒರೆಸಿದ ಮೆಟ್ಟಿಲು ತುಳಿದುಕೊಂಡೇ ಹತ್ತಿದೆ. ಮೇಲೆ ಬಾಗಿಲಲ್ಲೇ ಹೆಂಡತಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋದು ಅಂದ್ರೆ ಇದೇ ಅಲ್ವೇನ್ರೀ? ನಾಳೆ ಸಭೆಗೆ ಆಕೆ ಬರ್ತಾಳೆ. ಫಿಟ್ಟರ್‌ಗೂ ಬರೋಕೆ ಹೇಳ್ತೀನಿ. ದೂರು ಕೊಟ್ಟಿರೋದು ಯಂತ್ರ ತಾನೆ? ಅದೇ ಬಂದು ಸಾಕ್ಷಿ ಹೇಳ್ಲಿ!"

ಭಾನುವಾರ. ಏಳನೇ ದಿನ. ಸಂಘದ ಕೋಣೆ ತುಂಬಿತ್ತು. ಮೆಟ್ಟಿಲಮ್ಮ ಬಾಗಿಲ ಹತ್ತಿರ ನಿಂತಿದ್ದಳು, ಯಾರೂ ಕುರ್ಚಿ ಕೊಡಲಿಲ್ಲ. ನನ್ನ ಹೆಂಡತಿ ತನ್ನ ಕುರ್ಚಿಯಲ್ಲೇ ಆಕೆಯನ್ನು ಕೂರಿಸಿ ಪಕ್ಕದಲ್ಲಿ ನಿಂತಳು. ಫಿಟ್ಟರ್ ಗೋಡೆಯ ಟಿವಿಗೆ ತಂತಿ ಸಿಕ್ಕಿಸಿದ.

"ಈ ಯಂತ್ರ ಯಾರನ್ನ ನೋಡಿ ಏನು ಕಲೀತು ಅಂತ ತೋರಿಸಪ್ಪ," ಎಂದಳು ನನ್ನ ಹೆಂಡತಿ.

ಅಯ್ಯೋ! ಅದು ಕಲಿತದ್ದನ್ನು ತೋರಿಸುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ! ಟಿವಿಯ ಮೇಲೆ ಒಂದೊಂದೇ ಮುಖ ಬಂತು. ಸುತ್ತ ಕೆಂಪು ಚೌಕಟ್ಟು. ಕೆಳಗೆ ದಪ್ಪಕ್ಷರದಲ್ಲಿ, "ಒತ್ತಿದವರು: ಕಾರ್ಯದರ್ಶಿ". ಸಂಗೀತ ಮೇಷ್ಟ್ರು ಕೆಂಪು. ಅತ್ತೆಯವರ ಸೋಮವಾರದ ಭೇಟಿ ಕೆಂಪು. ಅಧ್ಯಕ್ಷರ ಹೆಂಡತಿ ಕೆಂಪು. ಅಧ್ಯಕ್ಷರೂ ಒಂದು ಕಡೆ ಕೆಂಪು, ಆ ದಿನ ನನಗೆ ನಮಸ್ಕಾರ ಹೇಳದೆ ಹೋಗಿದ್ದರು. ಮೆಟ್ಟಿಲಮ್ಮನದು ಹದಿನಾಲ್ಕು ಫೋಟೋ, ಹದಿನಾಲ್ಕೂ ಕೆಂಪು.

"ಇದ್ಯಾಕೆ?" ಎಂದಳು ಹೆಂಡತಿ.

"ಅದು... ಮಂಗಳವಾರ ಮೆಟ್ಟಿಲು ಒದ್ದೆ ಇತ್ತು. ಕಾಲು ಜಾರಿತ್ತು ನನಗೆ!"

"ತೊಳೆದ ಮೆಟ್ಟಿಲು ಒದ್ದೆ ಇರದೆ ಒಣಗಿರುತ್ತಾ? ಸರಿ, ನನ್ನ ಫೋಟೋ ತೋರಿಸಪ್ಪ."

ಎರಡು ಕೆಂಪು.

"ಅದು ಬೆರಳು ಜಾರಿ ಕಣೇ..."

"ಕಾಲೂ ಜಾರುತ್ತೆ, ಬೆರಳೂ ಜಾರುತ್ತೆ, ಬುದ್ಧಿಯೊಂದು ಜಾರಿ ಎಷ್ಟು ವರ್ಷ ಆಯ್ತೋ! ದಿನಾ ನೂರು ಜನರ ಕಾಮಾಲೆ ಪರೀಕ್ಷೆ ಮಾಡ್ತೀನಿ ನಾನು. ಮನೇಲಿರೋದನ್ನ ನೋಡ್ಲೇ ಇಲ್ಲ. ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿ, ನಿಮ್ಮ ಕಣ್ಣಿಗೆ ಕಂಡಿದ್ದೆಲ್ಲ ಕೆಂಪು. ಯಂತ್ರ ಏನು ಮಾಡುತ್ತೆ ಪಾಪ, ನಿಮ್ಮನ್ನೇ ಕಲಿತಿದೆ!"

ಕೊನೆಗೆ ನನ್ನವು ಬಂದವು. ಮೂವತ್ತೊಂದು ಫೋಟೋ, ಎಲ್ಲವೂ ಹಚ್ಚ ಹಸಿರು! ಮೀಸೆ ಚೆನ್ನಾಗಿ ಬಂದಿದ್ದ ಒಂದಕ್ಕೆ ಎರಡು ಸಲ ಒತ್ತಿದ್ದೆ. ಅಧ್ಯಕ್ಷರು ಸೊಂಟನೋವು ಮರೆತು ಜಿಗಿದರು.

"ಅಂದ್ರೆ ಈ ಕ್ಯಾಮೆರಾ ಕಣ್ಣೆತ್ತಿ ನೋಡದೆ ಬಿಟ್ಟಿರೋದು ಇವರೊಬ್ಬರನ್ನೇ! ಕಳ್ಳ ಇನ್ನೆಲ್ಲಿರ್ತಾನೆ? ಮೊದಲು ಇವರ ಮನೆ ಹುಡುಕಿ!"

"ನಾನು ಕಳ್ಳನಾ? ನಾನು?" ನಾನು ಮತ್ತೆ ಮೇಜು ಗುದ್ದಿದೆ. "ಸಾಕ್ಷಿ ಏನಿದೆ?"

"ನಿನ್ನೆ ಆಕೆ ಕೇಳಿದ್ದೂ ಇದನ್ನೇ," ಎಂದಳು ಹೆಂಡತಿ.

ಎಲ್ಲರೂ ಒಟ್ಟಿಗೆ ಕೂಗಾಡತೊಡಗಿದರು. ನನಗೆ ನಿಜಕ್ಕೂ ಭಯವಾಯಿತು. ಆಗ ಮೆಟ್ಟಿಲಮ್ಮ ಎದ್ದು ನಿಂತಳು.

"ಒಂದ್ನಿಮಿಷ ಇರಿ. ಕಳೆದಿರೋದಾದ್ರೂ ಏನು?"

"ಪಾರ್ಸೆಲ್ಲಮ್ಮ! ಏಳು ಪಾರ್ಸೆಲ್ಲು!"

"ಅಯ್ಯೋ ದೇವ್ರೇ, ಅದಕ್ಕಾ ಇಷ್ಟೆಲ್ಲ? ಪಕ್ಕದ ಗೇಟಿನ ಹತ್ರ ಪಂಪ್ ರೂಮ್ ಇದೆಯಲ್ಲ, ಅಲ್ಲೇ ಇವೆ. ನನ್ನ ಪೊರಕೆ ಪಕ್ಕದಲ್ಲೇ ಜೋಡಿಸಿಟ್ಟಿದೆ."

"ಮತ್ತೆ ಹೇಳ್ಬಾರದಿತ್ತಾ?" ಎಂದರು ಅಧ್ಯಕ್ಷರು.

"ಯಾರು ಕೇಳಿದ್ರಿ? ಕಂಬದ ಮೇಲಿರೋದನ್ನ ಕೇಳ್ತೀರಿ, ನೆಲ ಒರೆಸೋಳನ್ನ ಕೇಳ್ತೀರಾ? ನೀವುಗಳೇ ಇಡಿಸಿದ್ದೀರಿ ಅಂದ್ಕೊಂಡೆ. ಬೇರೆಯವರ ವಸ್ತು, ಕೇಳ್ದೆ ನಾನ್ಯಾಕೆ ಮುಟ್ಲಿ?"

ಹೆಂಡತಿ ನನ್ನ ಕಡೆ ನೋಡಿದಳು. ನಾನು ಫ್ಯಾನ್ ಕಡೆ ನೋಡಿದೆ.

ಇಡೀ ಸಭೆ ಪಂಪ್ ರೂಮಿಗೆ ಓಡಿತು. ಏಳಕ್ಕೆ ಏಳೂ ಪೆಟ್ಟಿಗೆಗಳು ಅಲ್ಲಿದ್ದವು. ಅಧ್ಯಕ್ಷರು ಬೆಲ್ಟಿನ ಪೆಟ್ಟಿಗೆಯನ್ನು ಎದೆಗೆ ಅಪ್ಪಿಕೊಂಡರು. ಬಾಗಿಲಿಗೆ ಅಂಟಿಸಿದ್ದ ಕಾಗದವನ್ನು ಫಿಟ್ಟರ್ ಜೋರಾಗಿ ಓದಿದ: "ಮಳೆಗೆ ನೆನೆಯದಂತೆ ಎಲ್ಲಾ ಪಾರ್ಸೆಲ್‌ಗಳನ್ನು ಇನ್ನು ಮುಂದೆ ಕಡ್ಡಾಯವಾಗಿ ಪಂಪ್ ರೂಮಿನಲ್ಲೇ ಇಡತಕ್ಕದ್ದು. ಇಂತಿ, ಕಾರ್ಯದರ್ಶಿ." ಕೆಳಗೆ ನನ್ನ ಸಹಿ, ಎರಡು ಗೆರೆ ಎಳೆದದ್ದು. ಹೋದ ಮಳೆಗಾಲದ ದಿನಾಂಕ.

"ಹಳೇ ಡೆಲಿವರಿಯವರು ಯಾರೂ ಸಾರ್ ಹಾಕಿದ ನೋಟೀಸು ಓದ್ತಿರ್ಲಿಲ್ಲ," ಎಂದಳು ಮೆಟ್ಟಿಲಮ್ಮ. "ಎರಡು ತಿಂಗಳ ಹಿಂದೆ ಹೊಸ ಡೆಲಿವರಿಯವನು ಬಂದ. ಅವನೊಬ್ಬ ಓದಿಬಿಟ್ಟ."

ಅಧ್ಯಕ್ಷರು ನನ್ನ ಮುಖಕ್ಕೆ ಬೆರಳು ಚಾಚಿದರು. "ಗೊತ್ತಾಯ್ತು! ಮೊದಲೇ ಇಲ್ಲಿ ಇಡೋಕೆ ಹೇಳಿ, ಸದ್ದು ಅಡಗಿದ ಮೇಲೆ ಹೊತ್ಕೊಂಡು ಹೋಗೋ ಉಪಾಯ! ಮಹಾ ಕಳ್ಳ!"

"ಛೆ ಛೆ, ಅನ್ಯಾಯ ಆಡ್ಬೇಡಿ ಸಾರ್," ಎಂದು ಮೆಟ್ಟಿಲಮ್ಮ ನಮ್ಮಿಬ್ಬರ ನಡುವೆ ಬಂದು ನಿಂತಳು. "ಇವ್ರು ಖಂಡಿತ ಕದಿಯೋರಲ್ಲ."

ನನ್ನ ಕಣ್ಣು ತುಂಬಿಬಂತು. ನಿನ್ನೆ ನಾನು ಬೀದಿಗೆ ತಳ್ಳಿದ ಹೆಂಗಸು ಇವತ್ತು ನನ್ನ ಮಾನ ಕಾಯುತ್ತಿದ್ದಾಳೆ! ಎರಡೂ ಕೈ ಜೋಡಿಸಿದೆ.

"ತಪ್ಪಾಯ್ತಮ್ಮ. ನಾಳೆಯಿಂದ ಕೆಲಸಕ್ಕೆ ನೀನು ಬರ್ಬೇಕು, ಕ್ಯಾಮೆರಾ ಹೋಗುತ್ತೆ. ಇಷ್ಟಾದ್ರೂ ನನ್ನ ಮೇಲೆ ಅಷ್ಟೊಂದು ನಂಬಿಕೆ ಇಟ್ಟಿದ್ದೀಯಲ್ಲ ತಾಯಿ!"

"ನಂಬಿಕೆ ಏನಿಲ್ಲ ಸಾರ್," ಎಂದಳು ಆಕೆ, ಪೊರಕೆ ಎತ್ತಿಕೊಳ್ಳುತ್ತ. "ಬಚ್ಚಿಟ್ಟು ಕದಿಯೋನಿಗೆ ಎಲ್ಲಿಟ್ಟಿದ್ದೀನಿ ಅಂತಾದ್ರೂ ನೆನಪಿರ್ಬೇಕಲ್ಲ!"